ಅಜ್ಜಿಯ ಅಜ್ಜಿ ಮಾವೋರಿಯೇ? ನ್ಯೂಜಿಲೆಂಡಿನ ಹಳೇ ವಲಸೆ ಮನೆತನಗಳ ಬೇರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಹರಿಹರ. ಮದುವೆಯಾಗಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಬಂದು ಹದಿನಾರು ವರ್ಷವಾಯಿತು. ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ‘ಪೆಪೆಹಾ’ ಹೇಳಿಕೊಡುತ್ತಾರೆ. ನನ್ನ ಬೆಟ್ಟ ಇದು, ನನ್ನ ನದಿ ಇದು, ನನ್ನ ಜನ ಇವರು ಅಂತ, ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ರೀತಿಯಲ್ಲಿ ಪರಿಚಯ ಹೇಳಿಕೊಳ್ಳುವುದು. ಮಗಳು ಒಂಬತ್ತು ವರ್ಷದವಳಿದ್ದಾಗ ಅದನ್ನು ಬರೆಯುತ್ತಾ ಕೂತಿದ್ದಳು. “ಅಮ್ಮಾ, ನಿನ್ನ ಕಡೆ ನದಿ ತುಂಗಭದ್ರೆ ಅಂತ ಬರೆದೆ. ಅಪ್ಪನ ಕಡೆ ಯಾವುದು?” ಅಂದಳು. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅತ್ತೆಯನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಜ್ಜಿ ಕಡೆ ಯಾರೋ ಒಬ್ಬಳು ಮಾವೋರಿ ಅಂತ ದೊಡ್ಡವರು ಪಿಸುಗುಡುತ್ತಿದ್ದರು” ಅಂದರು.

ಅಲ್ಲಿಂದ ಶುರುವಾದ ಹುಡುಕಾಟ ಆರು ವರ್ಷ ನಡೆಯಿತು. ಈಗ ಇಲ್ಲಿನ ಮನೆತನಗಳಿಗೆ ಮದುವೆಯಾಗಿ ಬಂದ ಕನ್ನಡದವರು, ಅವರ ಮಕ್ಕಳು, ಸುಮ್ನೆ ಕುತೂಹಲ ಇರುವವರು ನನ್ನನ್ನು ಕೇಳುತ್ತಿರುತ್ತಾರೆ. ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಓದುವ ಮೊದಲು ಉಚ್ಚಾರಣೆಯ ಒಂದು ಮಾತು. ಮಾವೋರಿ ಹೆಸರುಗಳಲ್ಲಿ ಡಬ್ಲ್ಯು-ಎಚ್ ಕಂಡರೆ ಹೆಚ್ಚಾಗಿ ‘ಫ’ ಅಂತ ಓದಬೇಕು. ಎನ್-ಜಿ ಕಂಡರೆ ನಮ್ಮ ವರ್ಣಮಾಲೆಯ ‘ಙ’. ಇಂಗ್ಲಿಷಿನವರು ಪದದ ಶುರುವಿನಲ್ಲಿ ಈ ಅಕ್ಷರ ಹೇಳಲು ಒದ್ದಾಡುತ್ತಾರೆ. ನಾವು ಒಂದನೇ ಕ್ಲಾಸಿನಲ್ಲೇ ಕಲಿತು ಮರೆತಿದ್ದೇವೆ, ಅಷ್ಟೇ. ಙಾಯ್ ತಾಹು, ಙಾತಿ ತೋವಾ ಅಂತ ಬುಡಕಟ್ಟುಗಳ ಹೆಸರನ್ನು ಬಾಯಿಬಿಟ್ಟು ಹೇಳಿ, ಬರುತ್ತದೆ.

‘ನಮ್ಮ ಮುತ್ತಜ್ಜಿ ಮಾವೋರಿ ರಾಜಕುಮಾರಿ’ ಅಂತ ಮನೆಯಲ್ಲಿ ಹೇಳುತ್ತಾರೆ. ನಂಬಬಹುದಾ?

‘ರಾಜಕುಮಾರಿ’ಯನ್ನು ಪಕ್ಕಕ್ಕಿಡಿ, ‘ಮಾವೋರಿ’ಯನ್ನು ಕೈಬಿಡಬೇಡಿ. ಮಾವೋರಿಗಳಲ್ಲಿ ಯುರೋಪಿನ ತರದ ರಾಜಕುಮಾರಿಯರು ಇರಲಿಲ್ಲ. ಹಿರಿಯ ಮನೆತನದ ಮುಖಂಡರು ಇದ್ದರು, ಅವರ ಹೆಣ್ಣುಮಕ್ಕಳಿದ್ದರು. ಕರಾವಳಿಗೆ ಬಂದ ವ್ಯಾಪಾರಿಯ ಜೊತೆ ನಂಟು ಬೆಳೆಸಿದರೆ ಊರಿಗೆ ಸರಕು, ಕಬ್ಬಿಣ, ಬಂದೂಕು ಬರುತ್ತಿತ್ತು. ಅದಕ್ಕಾಗಿ ಮುಖಂಡರು ಮನೆಯ ಹೆಣ್ಣನ್ನೇ ಕೊಟ್ಟ ಉದಾಹರಣೆಗಳು ನಿಜಕ್ಕೂ ಇವೆ. ಹಾಗಾಗಿ ಕಥೆಯೊಳಗೆ ಒಂದು ಕಾಳು ಸತ್ಯ ಇರಬಹುದು.

ಇದರ ಉಲ್ಟಾ ಕಥೆಯೂ ಉಂಟು. ಅಜ್ಜಿಯ ಮೈಬಣ್ಣ ಯಾಕೆ ಕಂದು ಅಂತ ಕೇಳಿದರೆ ‘ಸ್ಪ್ಯಾನಿಶ್ ರಕ್ತ’, ‘ಪೋರ್ಚುಗೀಸ್ ನಾವಿಕ’ ಅಂತ ಹೇಳುವ ಮನೆಗಳು. ಅಂಥ ಉತ್ತರ ಸಿಕ್ಕಿದರೆ ನಾನು ಜಾಸ್ತಿ ಗಮನ ಕೊಡುತ್ತೇನೆ. ಜನ ಮುಚ್ಚಿಟ್ಟದ್ದಕ್ಕೆ ಕಾರಣ ಇರುತ್ತದೆ. ನಮ್ಮತ್ತೆಯ ತಾಯಿಗೆ ಆ ಮಾತು ಎತ್ತಿದರೇ ಆಗುತ್ತಿರಲಿಲ್ಲವಂತೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಮಾವೋರಿ ಅಂದರೆ ಬಾಡಿಗೆಗೆ ಮನೆ ಸಿಗದ, ಶಾಲೆಯಲ್ಲಿ ತಾಯ್ನುಡಿ ಆಡಿದರೆ ಏಟು ಬೀಳುತ್ತಿದ್ದ ಕಾಲ ಅದು.

ಎಲ್ಲಿಂದ ಶುರು ಮಾಡಲಿ?

ಬದುಕಿರುವ ಅತಿ ಹಿರಿಯರಿಂದ. ಇವತ್ತೇ. ದಾಖಲೆ ನೂರು ವರ್ಷ ಕಾಯುತ್ತದೆ, ಎಂಬತ್ತೆಂಟು ವರ್ಷದ ದೊಡ್ಡತ್ತೆ ಕಾಯುವುದಿಲ್ಲ.

‘ನಮ್ಮಲ್ಲಿ ಮಾವೋರಿ ಯಾರು?’ ಅಂತ ನೇರ ಕೇಳಬೇಡಿ. ಫೋಟೋ ಡಬ್ಬಿ ತರಿಸಿ. ನಮ್ಮತ್ತೆಯ ಮನೆಯಲ್ಲಿ ಅದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಅಡುಗೆಮನೆ ಮೇಜಿನ ಮೇಲೆ ಒಂದೊಂದೇ ಫೋಟೋ ಹರಡಿ, ‘ಇದು ಯಾರು, ಇದು ಯಾವ ಊರು’ ಅಂತ ಕೇಳುತ್ತಾ ಹೋದೆ. ಕರಿ ಉಡುಪಿನ ಇಬ್ಬರು ಹೆಂಗಸರು ಬೇಲಿ ಪಕ್ಕ ನಿಂತ ಫೋಟೋ ಒಂದಿತ್ತು. ಹಿಂದೆ ಪೆನ್ಸಿಲ್‌ನಲ್ಲಿ ‘ಅಮ್ಮ, ಅಪರಿಮಾ’ ಅಂತಷ್ಟೇ ಬರೆದಿತ್ತು. ಇನ್ನೊಬ್ಬಾಕೆ ಯಾರು ಅಂತ ಅತ್ತೆಗೂ ಗೊತ್ತಿರಲಿಲ್ಲ. ಆದರೆ ಅಪರಿಮಾ ಅಂದರೆ ಇವತ್ತಿನ ರಿವರ್ಟನ್. ದಕ್ಷಿಣ ದ್ವೀಪದ ತುದಿಯಲ್ಲಿ ಹಳೇ ತಿಮಿಂಗಿಲ ಬೇಟೆಯ ಊರು. ಆ ಒಂದು ಪದದಿಂದ ಎರಡು ವರ್ಷದ ಕೆಲಸ ಉಳಿಯಿತು.

ಆಮೇಲೆ ನಿಮ್ಮಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಿ. ಮೇಲಿನಿಂದ ಕೆಳಕ್ಕೆ ಬರಬೇಡಿ. ‘ನಮ್ಮ ಅಡ್ಡಹೆಸರಿನ ಒಬ್ಬ ಪ್ರಸಿದ್ಧ ನಾವಿಕ 1830ರಲ್ಲಿ ಇದ್ದ, ಅವನೇ ನಮ್ಮ ಮೂಲಪುರುಷ’ ಅಂತ ಹೊರಟವರು ಬೇರೆಯವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ನಾನೂ ಹಾಗೆ ಒಂದೇ ಹೆಸರಿನ ಇಬ್ಬರಲ್ಲಿ ತಪ್ಪಾದವನ ಹಿಂದೆ ಎಂಟು ತಿಂಗಳು ಕಳೆದೆ. ಮರಣದ ದಾಖಲೆ ತರಿಸಿ ನೋಡಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ಮುತ್ತಜ್ಜಿಯ ಜನನ ದಾಖಲೆ ಸಿಗುತ್ತಿಲ್ಲ. ಅಂದರೆ ಅವರು ಇಲ್ಲಿ ಹುಟ್ಟಿಲ್ಲವೇ?

ಹಾಗಲ್ಲ. ನ್ಯೂಜಿಲೆಂಡಿನಲ್ಲಿ ವಲಸೆಗಾರರ ಜನನ ಮರಣ ನೋಂದಣಿ ಶುರುವಾದದ್ದು 1848ರಲ್ಲಿ. ಮಾವೋರಿಗಳ ಜನನ ಮರಣ ನೋಂದಣಿ 1913ರಿಂದ, ಮದುವೆ ನೋಂದಣಿ 1911ರಿಂದ. ಅಷ್ಟಾದರೂ ಬಹಳ ಕಾಲ ಅವರಿಗೆ ಬೇರೆಯೇ ರಿಜಿಸ್ಟರ್ ಇಟ್ಟಿದ್ದರು. ಎರಡೂ ಒಂದಾದದ್ದು 1960ರ ದಶಕದ ಶುರುವಿನಲ್ಲಿ.

ನಡುವಿನ ಅರವತ್ತೈದು ವರ್ಷವೇ ನಮ್ಮ ಕಷ್ಟ. ಅಪ್ಪ ಬಿಳಿಯ, ಅಮ್ಮ ಮಾವೋರಿ ಆಗಿದ್ದ ಮಕ್ಕಳ ಹೆಸರು ಕೆಲವೊಮ್ಮೆ ಸಾಮಾನ್ಯ ರಿಜಿಸ್ಟರ್‌ನಲ್ಲಿ ಇರುತ್ತದೆ, ಕೆಲವೊಮ್ಮೆ ಎಲ್ಲೂ ಇರುವುದಿಲ್ಲ. ಒಂದೇ ಮನೆಯ ನಾಲ್ಕು ಮಕ್ಕಳಲ್ಲಿ ಇಬ್ಬರದು ಇದ್ದು ಇಬ್ಬರದು ಇಲ್ಲದಿರುವುದೂ ಉಂಟು. ನಿಮ್ಮ ಮನೆತನದಲ್ಲಿ ಒಂದು ಶಾಖೆಗೆ ಮಾತ್ರ 1913ರ ಮುಂಚಿನ ಜನನ ದಾಖಲೆಗಳೇ ಕಾಣದಿದ್ದರೆ, ಆ ಖಾಲಿ ಜಾಗವನ್ನೂ ಒಂದು ಸುಳಿವು ಅಂತ ಬರೆದಿಟ್ಟುಕೊಳ್ಳಿ.

ಸರ್ಕಾರಿ ದಾಖಲೆಯಲ್ಲಿ ಏನನ್ನು ನೋಡಬೇಕು?

ಜನನ ಮರಣ ಮದುವೆಗಳ ಹಳೇ ದಾಖಲೆಯ ಸೂಚಿ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ನೂರು ವರ್ಷ ದಾಟಿದ ಜನನ, ಎಂಬತ್ತು ವರ್ಷ ದಾಟಿದ ಮದುವೆ, ಐವತ್ತು ವರ್ಷ ದಾಟಿದ ಮರಣ ಅಲ್ಲಿ ಸಿಗುತ್ತವೆ. ಸೂಚಿಯಲ್ಲಿ ಹೆಸರು ಸಿಕ್ಕ ಮೇಲೆ ಸರ್ಟಿಫಿಕೇಟ್‌ಗಿಂತ ‘ಪ್ರಿಂಟ್‌ಔಟ್’ ತರಿಸಿ. ಅದು ಮೂಲ ಪುಟದ ನಕಲು. ಅಂಚಿನ ಟಿಪ್ಪಣಿ, ಸಹಿ, ಅಕ್ಷರ ಬರದವರು ಹಾಕಿದ ಗೀಟು ಎಲ್ಲಾ ಕಾಣುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು 1876ರ ನಂತರದ ಮರಣ ದಾಖಲೆ. ಸತ್ತವರ ಅಪ್ಪ ಅಮ್ಮನ ಹೆಸರು, ಎಲ್ಲಿ ಹುಟ್ಟಿದ್ದು, ಎಷ್ಟು ವರ್ಷ ಈ ದೇಶದಲ್ಲಿದ್ದರು, ಯಾವ ವಯಸ್ಸಿಗೆ ಯಾರನ್ನು ಮದುವೆಯಾದರು, ಬದುಕಿರುವ ಮಕ್ಕಳ ವಯಸ್ಸು, ಇಷ್ಟೂ ಅದರಲ್ಲಿರುತ್ತದೆ. ಹೇಳಿದವರಿಗೆ ಗೊತ್ತಿದ್ದರೆ ಮಾತ್ರ, ಅದು ಬೇರೆ ಮಾತು. ಅಮ್ಮನ ಹೆಸರಿನ ಜಾಗದಲ್ಲಿ ‘ಮೇರಿ’ ಅಂತ ಮಾತ್ರ ಬರೆದು ತವರಿನ ಅಡ್ಡಹೆಸರು ಬಿಟ್ಟಿದ್ದರೆ, ಅಥವಾ ‘ನೇಟಿವ್ ವುಮನ್’ ಅಂತಿದ್ದರೆ ಅಲ್ಲಿ ನಿಲ್ಲಿ. ಮದುವೆ ರಿಜಿಸ್ಟರ್‌ನಲ್ಲಿ ತಂದೆತಾಯಿಯ ಹೆಸರು ಬರಲು ಶುರುವಾದದ್ದು 1880ರ ಕಾಯ್ದೆಯ ನಂತರ. ಅದಕ್ಕೂ ಮುಂಚಿನ ಮದುವೆಗೆ ‘ಮದುವೆ ಇಚ್ಛೆಯ ನೋಟಿಸ್’ ಹುಡುಕಿ. 1856ರಿಂದ ಇವೆ, ಸರ್ಕಾರಿ ದಾಖಲೆಗಳ ಭಂಡಾರವಾದ ಆರ್ಕೈವ್ಸ್ ನ್ಯೂಜಿಲೆಂಡ್‌ನಲ್ಲಿ ಇಟ್ಟಿದ್ದಾರೆ.

ಬಿಳಿಯ, ಮಾವೋರಿ ಇಬ್ಬರಿಗೂ ಹುಟ್ಟಿದವರಿಗೆ ‘ಹಾಫ್-ಕಾಸ್ಟ್’ ಎಂಬ ಪದ ದಾಖಲೆಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಇವತ್ತು ಯಾರ ಎದುರೂ ಅದನ್ನು ಬಾಯಿಗೆ ತರಬೇಡಿ. ಆದರೆ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಲೇಬೇಕಾಗುತ್ತದೆ.

ಜನಗಣತಿ ಕಾಗದ ನೋಡಿದರೆ ಸುಲಭ ಅಲ್ವಾ?

ಇಂಗ್ಲೆಂಡಿನಲ್ಲಿ ಸುಲಭ. ಇಲ್ಲಿ ಮನೆ ಮನೆಯ ಹಳೇ ಕಾಗದಗಳನ್ನು ಉಳಿಸಲಿಲ್ಲ, ಅಂಕಿಅಂಶ ಮಾತ್ರ ಉಳಿದಿದೆ. ಮತದಾರರ ಪಟ್ಟಿ ಸ್ವಲ್ಪ ನೆರವಾಗುತ್ತದೆ. ಮಾವೋರಿಗಳಿಗೆ ಸಂಸತ್ತಿನಲ್ಲಿ ಪ್ರತ್ಯೇಕ ಸೀಟುಗಳು 1867ರಲ್ಲೇ ಬಂದರೂ ಅವರ ಮತದಾರರ ಪಟ್ಟಿ 1940ರ ದಶಕದ ಕೊನೆವರೆಗೂ ಇರಲಿಲ್ಲ.

ನಮ್ಮ ಮನೆತನಕ್ಕೆ ಮಾವೋರಿ ನಂಟು ಇರುವ ಸಾಧ್ಯತೆ ಎಷ್ಟು ಅಂತ ಮೊದಲೇ ಅಂದಾಜು ಮಾಡಬಹುದಾ?

ಎರಡು ವಿಷಯ ನೋಡಿ: ಯಾವಾಗ ಬಂದರು, ಎಲ್ಲಿಗೆ ಬಂದರು.

ಬ್ರಿಟಿಷ್ ರಾಣಿಯ ಪ್ರತಿನಿಧಿಗೂ ಮಾವೋರಿ ಮುಖಂಡರಿಗೂ ಆದ ವೈತಂಗಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1840ರ ಫೆಬ್ರವರಿ 6ರಂದು. ಆಗ ಇಡೀ ದೇಶದಲ್ಲಿ ಬಿಳಿಯರು ಸುಮಾರು ಎರಡು ಸಾವಿರ. ಹೆಚ್ಚಿನವರು ಗಂಡಸರು: ಸೀಲ್ ಬೇಟೆಗಾರರು, ತಿಮಿಂಗಿಲ ಬೇಟೆಗಾರರು, ವ್ಯಾಪಾರಿಗಳು, ಹಡಗು ಬಿಟ್ಟು ಓಡಿಬಂದವರು. ಅವರು ಬದುಕಿದ್ದು ಮಾವೋರಿಗಳ ನೆಲದಲ್ಲಿ, ಮಾವೋರಿಗಳ ಒಪ್ಪಿಗೆಯಿಂದ. ಮನೆ ಮಾಡಿದ್ದು ಮಾವೋರಿ ಹೆಂಗಸರ ಜೊತೆ. ನಿಮ್ಮ ಪೂರ್ವಿಕ 1840ಕ್ಕಿಂತ ಮುಂಚೆ ಬಂದು ಇಲ್ಲೇ ಉಳಿದವನಾದರೆ ನಂಟಿನ ಸಾಧ್ಯತೆ ತುಂಬಾ ಜಾಸ್ತಿ. 1870ರ ದಶಕದಲ್ಲಿ ಸರ್ಕಾರದ ಖರ್ಚಿನಲ್ಲಿ ಹೆಂಡತಿ ಮಕ್ಕಳ ಜೊತೆ ಹಡಗು ಹತ್ತಿ ಬಂದವನಾದರೆ ಆ ತಲೆಮಾರಿನಲ್ಲಿ ಕಡಿಮೆ. ಮುಂದಿನ ತಲೆಮಾರಿನಲ್ಲಿ ಇರಬಹುದು.

ಊರುಗಳು ಇವು. ಉತ್ತರದಲ್ಲಿ ಬೇ ಆಫ್ ಐಲ್ಯಾಂಡ್ಸ್‌ನ ಕೊರೊರಾರೆಕಾ, ಹೊಕಿಯಾಂಗಾ. ಪೂರ್ವ ಕರಾವಳಿಯ ಮಕೆತು. ಅಲ್ಲಿ ಡೆನ್ಮಾರ್ಕಿನಿಂದ ಬಂದ ಫಿಲಿಪ್ ಟ್ಯಾಪ್ಸೆಲ್ ಎಂಬ ವ್ಯಾಪಾರಿ ನೆಲೆಸಿದ, ಅವನ ವಂಶ ಇವತ್ತು ದೊಡ್ಡದಾಗಿ ಬೆಳೆದಿದೆ. ತರನಾಕಿಯಲ್ಲಿ ಡಿಕಿ ಬ್ಯಾರೆಟ್, ಅವನ ಹೆಂಡತಿ ತೆ ಆತಿ ಅವಾ ಜನದ ರಾವಿನಿಯಾ. ಕಾಪಿತಿ ದ್ವೀಪ. ಟೋರಿ ಚಾನೆಲ್‌ನ ತೆ ಅವೈತಿ. ದಕ್ಷಿಣದಲ್ಲಿ ಒತಾಕೋ, ವೈಕೊವೈತಿ, ಅಪರಿಮಾ, ರುವಾಪುಕೆ ದ್ವೀಪ. ಆ ಕಡೆಯೇ ಫೆನುವಾ ಹೋವು, ಅಂದರೆ ಕಾಡ್‌ಫಿಶ್ ದ್ವೀಪ. ಅಲ್ಲಿ 1820ರ ದಶಕದಲ್ಲೇ ಸೀಲ್ ಬೇಟೆಗಾರರೂ ಅವರ ಮಾವೋರಿ ಹೆಂಡತಿಯರೂ ಸಂಸಾರ ಹೂಡಿದ್ದರು. ಮನೆಯಲ್ಲಿ ಈ ಹೆಸರುಗಳಲ್ಲಿ ಒಂದಾದರೂ ಕಿವಿಗೆ ಬಿದ್ದಿದ್ದರೆ ಅದನ್ನು ಬಿಡಬೇಡಿ.

ಒಂದು ಎಚ್ಚರಿಕೆ. ಊರು ನೋಡಿ ಬುಡಕಟ್ಟು ಹೇಳಬೇಡಿ. 1820, 30ರ ದಶಕಗಳಲ್ಲಿ ಮಾವೋರಿ ಬುಡಕಟ್ಟುಗಳ ನಡುವೆ ನಡೆದ ಬಂದೂಕು ಯುದ್ಧಗಳಲ್ಲಿ ಜನ ನೂರಾರು ಮೈಲಿ ಗುಳೆ ಹೋಗಿದ್ದರು. ಙಾತಿ ತೋವಾ ಜನ ಕಾಫಿಯಾದಿಂದ ಕಾಪಿತಿಗೆ ಬಂದದ್ದು ಆಗಲೇ. ತೆ ಅವೈತಿಯಲ್ಲಿ ಇದ್ದ ಹೆಂಗಸು ತರನಾಕಿಯವಳಾಗಿರಬಹುದು.

ಅಡ್ಡಹೆಸರು ಪಕ್ಕಾ ಇಂಗ್ಲಿಷ್. ಹಾಗಿದ್ದ ಮೇಲೆ ಮಾವೋರಿ ಹೇಗೆ?

ಅಡ್ಡಹೆಸರು ಅಪ್ಪನದು, ನೀವು ಹುಡುಕುತ್ತಿರುವುದು ಅಮ್ಮನನ್ನು. ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ.

ಮಾವೋರಿ ನುಡಿಯಲ್ಲಿ ಅಕ್ಷರಗಳು ಕಡಿಮೆ. ಹಾಗಾಗಿ ಇಂಗ್ಲಿಷ್ ಹೆಸರು ಬಾಯಿಗೆ ಹೊಂದಿಕೊಂಡು ಬೇರೆ ರೂಪ ತಾಳುತ್ತದೆ. ವಿಲಿಯಂ ವಿರೆಮು ಆಗುತ್ತಾನೆ, ಜಾನ್ ಹೋನೆ, ಜೇಮ್ಸ್ ಹೇಮಿ, ಮೇರಿ ಮೆರೆ, ಡೇನಿಯಲ್ ರಾನಿಯೆರಾ. ಒಬ್ಬನೇ ಮನುಷ್ಯ ಚರ್ಚಿನ ರಿಜಿಸ್ಟರ್‌ನಲ್ಲಿ ಒಂದು ಹೆಸರು, ಜಮೀನಿನ ಕಾಗದದಲ್ಲಿ ಇನ್ನೊಂದು, ಪತ್ರಿಕೆಯಲ್ಲಿ ಮೂರನೆಯದು. ಕೆಲವರು ಅಪ್ಪನ ಹೆಸರಿನ ಗೋಜಿಗೇ ಹೋಗಲಿಲ್ಲ. ಮಂತ್ರಿಮಂಡಲ ಸೇರಿದ ವಿ ಪರಾತಾ ಅವರ ತಂದೆ ಜಾರ್ಜ್ ಸ್ಟಬ್ಸ್ ಎಂಬ ತಿಮಿಂಗಿಲ ಬೇಟೆಗಾರ. ತಾಯಿ ಮೆತಾಪೆರೆ ವೈಪುನಹಾವು. ‘ಸ್ಟಬ್ಸ್’ ಅಂತ ಹುಡುಕಿದರೆ ವಿ ಪರಾತಾ ಸಿಗುವುದೇ ಇಲ್ಲ.

ಇನ್ನೊಂದು ಮನೆತನ ನನಗೆ ತುಂಬಾ ಹತ್ತಿರದ್ದು, ನಾವು ಈಗಿರುವ ಊರಿನ ಪಕ್ಕದ್ದೇ. 1831ರಲ್ಲಿ ವೆಲ್ಲರ್ ಸೋದರರು ಒತಾಕೋದಲ್ಲಿ ತಿಮಿಂಗಿಲ ಬೇಟೆಯ ನೆಲೆ ಹಾಕಿದರು. ಎಡ್ವರ್ಡ್ ವೆಲ್ಲರ್ ಮದುವೆಯಾದದ್ದು ಙಾಯ್ ತಾಹು ಮುಖಂಡ ತಾಯಾರೋವಾ ಅವರ ಮಗಳು ನಿಕುರು ಎಂಬಾಕೆಯನ್ನು. ಅವರಿಗೆ ಹುಟ್ಟಿದವಳು ನಾನಿ. ಒಂದು ದಶಕವೂ ತುಂಬುವ ಹೊತ್ತಿಗೆ ವ್ಯಾಪಾರ ಮುರಿದು ಎಡ್ವರ್ಡ್ ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಮಗಳು ಅಮ್ಮನ ಜನರ ನಡುವೆ ಬೆಳೆದಳು. ನಾನಿ ಮದುವೆಯಾದದ್ದು ರಾನಿಯೆರಾ ಎಲಿಸನ್ ಅವರನ್ನು. ಅವರ ಮಗ ಟಾಮ್ ಎಲಿಸನ್ 1893ರಲ್ಲಿ ನ್ಯೂಜಿಲೆಂಡಿನ ಮೊದಲ ಅಧಿಕೃತ ರಗ್ಬಿ ತಂಡದ ನಾಯಕ. ಕಪ್ಪು ಜೆರ್ಸಿ, ಬೆಳ್ಳಿ ಜರಿಗಿಡದ ಗುರುತು ಬೇಕು ಅಂತ ಸೂಚಿಸಿದವರು ಅವರೇ. ಅದೇ ವರ್ಷ ಅಜ್ಜ ಎಡ್ವರ್ಡ್ ಆಸ್ಟ್ರೇಲಿಯಾದ ಮೇಟ್ಲಂಡ್‌ನಲ್ಲಿ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡ. ಎಲಿಸನ್ ಎಂಬ ಹೆಸರನ್ನಷ್ಟೇ ನೋಡಿದವರಿಗೆ ಇದರಲ್ಲಿ ಒಂದು ಎಳೆಯೂ ಕಾಣುವುದಿಲ್ಲ.

ಮದುವೆಯ ದಾಖಲೆಗೂ ಮಕ್ಕಳ ವಯಸ್ಸಿಗೂ ತಾಳೆಯೇ ಆಗುತ್ತಿಲ್ಲ.

ಆಗುವುದಿಲ್ಲ. ಮಾವೋರಿ ಪದ್ಧತಿಯಲ್ಲಿ ಎರಡು ಕಡೆಯವರು ಒಪ್ಪಿ ಒಟ್ಟಿಗೆ ಬಾಳಿದರೆ ಅದೇ ಮದುವೆ. ಪಾದ್ರಿ ಆಮೇಲೆ ಬಂದರು. ಮೆಥಡಿಸ್ಟ್ ಪಾದ್ರಿ ಜೇಮ್ಸ್ ವಾಟ್ಕಿನ್ ವೈಕೊವೈತಿಗೆ ಬಂದದ್ದು 1840ರಲ್ಲಿ. ಜರ್ಮನಿಯ ಯೋಹಾನ್ ವೋಲರ್ಸ್ ರುವಾಪುಕೆಗೆ ಬಂದದ್ದು 1844ರಲ್ಲಿ, ಸುಮಾರು ನಾಲ್ವತ್ತು ವರ್ಷ ಅಲ್ಲಿದ್ದರು. ಹದಿನೈದು ವರ್ಷ ಸಂಸಾರ ಮಾಡಿದ ಜೋಡಿಗೆ ಮದುವೆ ಮಾಡಿಸಿ, ಅದೇ ದಿನ ಐದು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದಂಥ ಪುಟಗಳು ಆ ಕಾಲದ ರಿಜಿಸ್ಟರ್‌ಗಳಲ್ಲಿ ಸಿಗುತ್ತವೆ. ಇದನ್ನು ನೋಡಿ ‘ಅಕ್ರಮ ಸಂತಾನ’ ಅಂತ ವಂಶವೃಕ್ಷದಲ್ಲಿ ಬರೆಯಬೇಡಿ. ನೋಡಲು ಬರುವವರಲ್ಲಿ ಅವರ ಮರಿಮಕ್ಕಳೂ ಇರುತ್ತಾರೆ.

ಫಕಪಪ ಅಂದರೆ ವಂಶವೃಕ್ಷ ತಾನೇ?

ಅಷ್ಟೇ ಅಲ್ಲ. ನಮ್ಮಜ್ಜಿ ಮನೆಗೆ ಹೆಳವರು ಬರುತ್ತಿದ್ದರು. ಎತ್ತಿನ ಜೊತೆ ಬಂದು, ಬಾಗಿಲ ಮುಂದೆ ನಿಂತು, ಮೂಲಪುರುಷ ಯಾರು, ಯಾವ ಊರಿಂದ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಜ್ಜಿ ಕೈಮುಗಿದು ಕೇಳುತ್ತಿದ್ದಳು, ಆಮೇಲೆ ಮೊರದಲ್ಲಿ ಜೋಳ ಕೊಡುತ್ತಿದ್ದಳು. ಫಕಪಪ ಅಂದಾಗ ನನಗೆ ನೆನಪಾಗುವುದು ಅದು. ನಿಮ್ಮನ್ನು ನೆಲಕ್ಕೆ, ನೀರಿಗೆ, ಸತ್ತವರಿಗೆ, ಬದುಕಿರುವವರಿಗೆ ಕಟ್ಟುವ ಹಗ್ಗ. ಅದನ್ನು ಪವಿತ್ರ ಅಂತ ಭಾವಿಸುತ್ತಾರೆ. ಯಾರಿಗೆ ಬೇಕಾದರೂ ಒಪ್ಪಿಸುವಂಥದ್ದಲ್ಲ.

ಆದ್ದರಿಂದ ಯಾರಾದರೂ ಹಿರಿಯರು ನಿಮಗೆ ಫಕಪಪ ಹೇಳಿದರೆ ಅವರ ಒಪ್ಪಿಗೆ ಕೇಳದೆ ಅದನ್ನು ಆನ್‌ಲೈನ್‌ಗೆ ಹಾಕಬೇಡಿ. ಊಟದ ಮೇಜಿನ ಮೇಲೆ ಆ ಕಾಗದ ಹರಡಬೇಡಿ, ಅನ್ನಕ್ಕೂ ಅದಕ್ಕೂ ದೂರ ಇಡುತ್ತಾರೆ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಟೀ ಲೋಟದ ಪಕ್ಕವೇ ಇಟ್ಟಿದ್ದೆ. ಎದುರಿಗಿದ್ದ ಅಜ್ಜಿ ಏನೂ ಹೇಳದೆ ಲೋಟವನ್ನು ಎತ್ತಿ ಪಕ್ಕದ ಕಿಟಕಿಯಲ್ಲಿಟ್ಟರು.

ಮಾವೋರಿ ಲ್ಯಾಂಡ್ ಕೋರ್ಟ್ ದಾಖಲೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಏನಿದೆ?

ಗಣಿಯೇ ಇದೆ. ಆದರೆ ಆ ಕೋರ್ಟ್ ಯಾಕೆ ಬಂತು ಅಂತ ತಿಳಿದುಕೊಂಡು ಒಳಗೆ ಹೋಗಿ.

ಮಾವೋರಿ ನೆಲ ಇಡೀ ಗುಂಪಿಗೆ ಸೇರಿದ್ದು. ಅದನ್ನು ಕೊಳ್ಳಬೇಕಾದರೆ ಒಬ್ಬೊಬ್ಬರ ಹೆಸರಿಗೆ ಖಾತೆ ಆಗಬೇಕು. ಅದಕ್ಕಾಗಿ 1865ರ ಕಾಯ್ದೆಯಿಂದ ಈ ಕೋರ್ಟ್, ‘ನೇಟಿವ್ ಲ್ಯಾಂಡ್ ಕೋರ್ಟ್’ ಎಂಬ ಹಳೇ ಹೆಸರಿನಲ್ಲಿ, ನಡೆಯಲು ಶುರುವಾಯಿತು. ಮೊದಮೊದಲು ಒಂದು ಜಮೀನಿಗೆ ಹತ್ತೇ ಜನರ ಹೆಸರು ಬರೆದರು, ಉಳಿದ ನೂರಾರು ಜನ ಹಕ್ಕು ಕಳೆದುಕೊಂಡರು. ಜನ ಊರು ಬಿಟ್ಟು ವಾರಗಟ್ಟಲೆ ಕೋರ್ಟಿನ ಊರಲ್ಲಿ ಕಾದರು. ಸಾಲ ಮಾಡಿದರು, ಆ ಸಾಲಕ್ಕೇ ಜಮೀನು ಮಾರಿದರು. 1896ರ ಹೊತ್ತಿಗೆ ಮಾವೋರಿ ಜನಸಂಖ್ಯೆ ಸುಮಾರು 42,000ಕ್ಕೆ ಇಳಿದಿತ್ತು. ಕೋರ್ಟಿನ ಕಲಾಪ ಬರೆದಿಟ್ಟ ಮಿನಿಟ್ ಬುಕ್‌ನ ಪುಟಗಳನ್ನು ಓದುವಾಗ ನನಗೆ ಇದು ಮರೆಯುವುದಿಲ್ಲ.

ಹಕ್ಕು ಸಾಬೀತು ಮಾಡಲು ಜನ ಕೋರ್ಟಿನಲ್ಲಿ ನಿಂತು ಫಕಪಪ ಹೇಳಬೇಕಿತ್ತು. ಅದನ್ನು ಕೈಬರಹದಲ್ಲಿ ಬರೆದುಕೊಂಡರು. ಹೀಗೆ ಬಾಯಿಮಾತಿನಲ್ಲಿದ್ದ ಹತ್ತು, ಹದಿನೈದು ತಲೆಮಾರು ಕಾಗದಕ್ಕೆ ಬಂತು. ಆದರೆ ನೆನಪಿಡಿ, ಅದು ವ್ಯಾಜ್ಯದ ಹೇಳಿಕೆ. ಎದುರು ಪಕ್ಷದವರು ಬೇರೆಯೇ ಹೇಳಿರುತ್ತಾರೆ. ಮೂರು ಪುಟ ಮುಂದೆ ತಿರುಗಿಸಿ ಅದನ್ನೂ ಓದಿ.

ಹೊಸಬರಿಗೆ ನಾನು ಹೇಳುವುದು, ಮೊದಲು ‘ಸಕ್ಸೆಷನ್’ ಆದೇಶ ಹುಡುಕಿ ಅಂತ. ಪಾಲುದಾರರು ಸತ್ತಾಗ ವಾರಸುದಾರರ ಹೆಸರಿಗೆ ಪಾಲು ವರ್ಗಾಯಿಸುವ ಆದೇಶ, ನಮ್ಮ ಪೌತಿ ಖಾತೆ ಇದ್ದ ಹಾಗೆ. ಮಕ್ಕಳು ಎಷ್ಟು, ಯಾರು ಬದುಕಿದ್ದಾರೆ, ಮದುವೆಯಾದ ಮಗಳ ಹೆಸರೇನು, ಎಲ್ಲಾ ಅದರಲ್ಲಿ. ನಮ್ಮ ಮನೆಯ ‘ಮೇರಿ’ಗೆ ನಿಜವಾದ ಹೆಸರು ಸಿಕ್ಕಿದ್ದು ಅಂಥ ಒಂದು ಪುಟದಲ್ಲಿ. ಮೈಕ್ರೋಫಿಲ್ಮ್ ತಿರುಗಿಸುತ್ತಾ ತಿರುಗಿಸುತ್ತಾ ಮಧ್ಯಾಹ್ನ ಮೂರೂವರೆ ಆಗಿತ್ತು. ಮಸುಕಾದ ಶಾಯಿಯಲ್ಲಿ ಒಂದು ಮಾವೋರಿ ಹೆಸರು, ಪಕ್ಕದಲ್ಲಿ ‘ಮೇರಿ ಅಂತಲೂ ಕರೆಯುತ್ತಾರೆ’ ಎಂದು ಬರೆದಿತ್ತು. ಕೆಳಗೆ ಏಳು ಮಕ್ಕಳು. ನಾಲ್ಕನೆಯವಳು ನಮ್ಮತ್ತೆಯ ಅಜ್ಜಿಯ ತಾಯಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯವರದು.

ದಕ್ಷಿಣ ದ್ವೀಪದವರಾದರೆ (ಆಗ ಅದಕ್ಕೆ ಮಿಡ್ಲ್ ಐಲ್ಯಾಂಡ್ ಅನ್ನುತ್ತಿದ್ದರು) 1877ರ ‘ಮಿಡ್ಲ್ ಐಲ್ಯಾಂಡ್ ಹಾಫ್-ಕಾಸ್ಟ್ ಕ್ರೌನ್ ಗ್ರಾಂಟ್ಸ್’ ಕಾಯ್ದೆಯನ್ನೂ ಅದರ ನಂತರದ ಇಂಥದೇ ಕಾಯ್ದೆಗಳನ್ನೂ ನೋಡಿ. ಮಿಶ್ರ ಕುಟುಂಬಗಳಿಗೆ ಜಮೀನು ಕೊಡುತ್ತೇವೆ ಅಂತ ಸರ್ಕಾರ ಬಹಳ ಹಿಂದೆ ಕೊಟ್ಟ ಮಾತಿಗೆ ಸಂಬಂಧಿಸಿದ ಕಾಯ್ದೆಗಳು ಇವು.

ಪತ್ರಿಕೆಗಳಲ್ಲಿ ಏನಾದರೂ ಸಿಗುತ್ತದೆಯೇ?

ಹಳೇ ಪತ್ರಿಕೆಗಳ ಜಾಲತಾಣ ‘ಪೇಪರ್ಸ್ ಪಾಸ್ಟ್’ ನೋಡಿ. ನ್ಯಾಷನಲ್ ಲೈಬ್ರರಿಯವರದು, ಪೂರ್ತಿ ಉಚಿತ, ಮಾವೋರಿ ನುಡಿಯ ಪತ್ರಿಕೆಗಳೂ ಇವೆ. ಮರಣವಾರ್ತೆಯಲ್ಲಿ ‘ಈ ಭಾಗದ ಅತ್ಯಂತ ಹಳೆಯ ನಿವಾಸಿ’ ಅಂತ ಒಬ್ಬ ಹೆಂಗಸಿನ ಬಗ್ಗೆ ಬರೆದು, ಎಲ್ಲಿಂದ ಬಂದಳು ಅಂತ ಹೇಳದೇ ಬಿಟ್ಟಿದ್ದರೆ ಅನುಮಾನಪಡಿ. ಅವಳು ಎಲ್ಲಿಂದಲೂ ಬಂದವಳಲ್ಲದಿರಬಹುದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದೇ ಏಟಿಗೆ ಗೊತ್ತಾಗುವುದಿಲ್ಲವೇ?

ಸ್ವಲ್ಪ ಗೊತ್ತಾಗುತ್ತದೆ. ಪ್ರತಿ ತಲೆಮಾರಿಗೆ ಒಬ್ಬ ಪೂರ್ವಿಕರ ಪಾಲು ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಅಜ್ಜಿಯ ಅಜ್ಜಿಯಿಂದ ಬಂದದ್ದು ಸುಮಾರು 6 ಪರ್ಸೆಂಟ್. ಏಳು ತಲೆಮಾರು ಹಿಂದಿನವರದು 1 ಪರ್ಸೆಂಟಿಗಿಂತ ಕಡಿಮೆ, ಪೂರ್ತಿ ಮಾಯವಾಗಿರಲೂಬಹುದು. ಹಾಗಾಗಿ ಮೊಮ್ಮಗನಿಗೆ ಮಾಡಿಸಬೇಡಿ, ಮನೆಯ ಅತಿ ಹಿರಿಯರು ಒಪ್ಪಿದರೆ ಅವರಿಗೆ ಮಾಡಿಸಿ. ಫಲಿತಾಂಶದಲ್ಲಿ ‘ಪಾಲಿನೇಷ್ಯನ್’ (ಮಾವೋರಿಗಳೂ ಸೇರುವ ಪೆಸಿಫಿಕ್ ದ್ವೀಪಗಳ ಜನ) ಅಂತ ಬರದಿದ್ದರೆ ಪೂರ್ವಿಕರು ಮಾವೋರಿ ಅಲ್ಲ ಅಂತ ಅರ್ಥವಲ್ಲ. ಬಂದರೂ ಯಾವ ಬುಡಕಟ್ಟು, ಯಾವ ಮನೆ ಅಂತ ಅದು ಹೇಳುವುದಿಲ್ಲ. ತೊಂಗಾ, ಸಮೋವಾ ಕಡೆಯ ನಾವಿಕನೊಬ್ಬನಿಂದಲೂ ಬಂದಿರಬಹುದು.

ಇನ್ನೊಂದು ತೊಡಕು. ಪಾಲಿನೇಷ್ಯಾದ ದ್ವೀಪಗಳಿಗೆ ಮೊದಲು ಬಂದವರು ಸಣ್ಣ ಸಣ್ಣ ಗುಂಪುಗಳು. ಅವರ ವಂಶಸ್ಥರ ಡಿಎನ್‌ಎ ಒಬ್ಬರಿಗೊಬ್ಬರು ಜಾಸ್ತಿ ಹೋಲುತ್ತದೆ. ಪರೀಕ್ಷೆ ‘ಮೂರನೇ ಸುತ್ತಿನ ದಾಯಾದಿ’ ಅಂತ ತೋರಿಸಿದವರು ನಿಜಕ್ಕೂ ಏಳೆಂಟು ಸುತ್ತು ದೂರದವರಾಗಿರಬಹುದು. ತಾಯಿಯಿಂದ ತಾಯಿಗೆ ಹೋಗುವ ಮೈಟೋಕಾಂಡ್ರಿಯಾ ಪರೀಕ್ಷೆ ನೇರ ಹೆಣ್ಣುಸಾಲಿಗೆ ಮಾತ್ರ ಉಪಯೋಗ. ನಡುವೆ ಒಬ್ಬ ಗಂಡಸು ಬಂದರೆ ಸಾಲು ಕಡಿಯಿತು.

ಪರೀಕ್ಷೆಯನ್ನೇ ಒಪ್ಪದ ಮಾವೋರಿ ಕುಟುಂಬಗಳೂ ಇವೆ. ಮೈಯ ಒಂದು ಅಂಶವನ್ನು ಹೊರಗಿನ ಕಂಪನಿಗೆ ಕೊಡುವುದು ಅವರಿಗೆ ಸಣ್ಣ ವಿಷಯವಲ್ಲ. ಆ ಮಾತಿಗೆ ಬೆಲೆ ಕೊಡಿ.

ಎಷ್ಟು ಪರ್ಸೆಂಟ್ ಇದ್ದರೆ ಮಾವೋರಿ ಅಂತ ಹೇಳಿಕೊಳ್ಳಬಹುದು?

ಪರ್ಸೆಂಟಿನ ಲೆಕ್ಕ ಮಾವೋರಿಗಳದ್ದಲ್ಲ, ಸರ್ಕಾರ ತಂದದ್ದು. ಬಹಳ ಕಾಲ ಕಾನೂನು ‘ಅರ್ಧ ಅಥವಾ ಅದಕ್ಕಿಂತ ಜಾಸ್ತಿ’ ಎಂಬ ಅಳತೆ ಇಟ್ಟಿತ್ತು. 1974ರಲ್ಲಿ ಅದು ಬದಲಾಯಿತು: ಮಾವೋರಿಯ ವಂಶಸ್ಥರೆಲ್ಲರೂ ಮಾವೋರಿ. ಒಬ್ಬ ಪೂರ್ವಿಕರಿದ್ದರೂ ಫಕಪಪ ಇದೆ. ‘ನಾನು ಮೂವತ್ತೆರಡರಲ್ಲಿ ಒಂದು ಪಾಲು ಮಾವೋರಿ’ ಅಂತ ಯಾರಾದರೂ ಹೇಳಿದಾಗ ನನಗೆ ಬೇಜಾರಾಗುತ್ತದೆ. ನಮ್ಮ ಮನೆದೇವರು ಎಷ್ಟು ಪರ್ಸೆಂಟ್ ನಮ್ಮದು ಅಂತ ನಾವು ಲೆಕ್ಕ ಹಾಕುತ್ತೇವಾ?

ಹಾಗಂತ ಕಾಗದ ಸಿಕ್ಕ ಮಾರನೇ ದಿನವೇ ಹಕ್ಕು ಕೇಳಿಕೊಂಡು ಹೋಗುವುದೂ ಸರಿಯಲ್ಲ. ನಿಮ್ಮ ಹೆಸರು ಬುಡಕಟ್ಟಿನ, ಅಂದರೆ ‘ಇವಿ’ಯ, ಪಟ್ಟಿಗೆ ಸೇರಬೇಕಾದರೆ ಒಂದೊಂದು ಇವಿಗೂ ಅದರದೇ ನಿಯಮವಿದೆ. ಙಾಯ್ ತಾಹುವಿನಲ್ಲಿ 1848ರಲ್ಲಿ ಬದುಕಿದ್ದ ಹಿರಿಯರ ಒಂದು ಪಟ್ಟಿ ಇದೆ, ಅವರಲ್ಲೊಬ್ಬರ ವಂಶ ಅಂತ ತೋರಿಸಬೇಕು. ಅದಕ್ಕೆಂದೇ ಅವರ ಕಚೇರಿಯಲ್ಲಿ ಫಕಪಪ ವಿಭಾಗವಿದೆ.

ನಮ್ಮ ಅಜ್ಜ ದತ್ತು ಮಗ. ಇಲ್ಲಿಗೇ ಹುಡುಕಾಟ ಮುಗಿಯಿತಾ?

ಇಲ್ಲ. ‘ಫಾಂಗೈ’ ಅಂತ ಮಾವೋರಿ ಪದ್ಧತಿ ಇದೆ. ಮಗುವನ್ನು ಅಜ್ಜಿಯೋ ಚಿಕ್ಕಮ್ಮನೋ ಸಾಕುತ್ತಾರೆ, ಹೆತ್ತವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಾಗದ ಮಾತ್ರ ಇರುವುದಿಲ್ಲ. ಕಾನೂನಿನ ದತ್ತು ಬೇರೆ. 1955ರ ಕಾಯ್ದೆ ಹೆತ್ತವರ ಹೆಸರನ್ನು ಮುಚ್ಚಿಟ್ಟಿತು. 1985ರ ಕಾಯ್ದೆ ಬಂದ ಮೇಲೆ ಇಪ್ಪತ್ತು ವರ್ಷ ತುಂಬಿದ ದತ್ತುಮಕ್ಕಳು ಮೂಲ ಜನನ ದಾಖಲೆ ಕೇಳಬಹುದು.

ಇದಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯಾ?

ಕೆಲವು ಮನೆತನಗಳಿಗೆ ಇದೆ. ಮಾವೋರಿಗಳ ಜೊತೆ ಸರ್ಕಾರ ನಡೆಸಿದ ನ್ಯೂಜಿಲೆಂಡಿನ ಯುದ್ಧಗಳಿಗೆ ಬಂದ ಬ್ರಿಟಿಷ್ ದಳಗಳಲ್ಲಿ 70ನೇ ಮತ್ತು 43ನೇ ರೆಜಿಮೆಂಟ್‌ಗಳು 1860ರ ದಶಕದಲ್ಲಿ ಭಾರತದಿಂದಲೇ ಹಡಗು ಹತ್ತಿದವು. ಅದಕ್ಕೂ ಮುಂಚೆ, 1847ರಿಂದ 1852ರವರೆಗೆ, ನಿವೃತ್ತ ಸೈನಿಕರನ್ನು ‘ಫೆನ್ಸಿಬಲ್ಸ್’ ಅಂತ ಆಕ್ಲೆಂಡಿನ ಹೊವಿಕ್, ಒನೆಹುಂಗಾ, ಪಾನ್ಮ್ಯೂರ್, ಒತಾಹುಹುಗಳಲ್ಲಿ ನೆಲೆಗೊಳಿಸಿದರು. ಭಾರತದಲ್ಲಿ ಸೇವೆ ಮಾಡಿ ಬಂದವರು ಅವರಲ್ಲಿ ಇದ್ದರು. ಮಕ್ಕಳು ಹುಟ್ಟಿದ್ದು ‘ಬ್ಯಾಂಗಲೋರ್, ಈಸ್ಟ್ ಇಂಡೀಸ್’ ಅಂತ ಕಂಡರೆ ಅದು ನಮ್ಮ ಬೆಂಗಳೂರಿನ ದಂಡು. ಅಲ್ಲಿನ ಚರ್ಚುಗಳ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿದೆ. ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಸಾಲಿನಲ್ಲಿ ಹುಡುಕಿ.

ಭಾರತ ಮತ್ತು ಮಾವೋರಿ ನಂಟು ಅದಕ್ಕಿಂತ ಹಳೆಯದು. 1810ರ ಸುಮಾರಿಗೆ ಒಬ್ಬ ಬಂಗಾಳಿ ನಾವಿಕ ಹಡಗು ಬಿಟ್ಟು ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಮಾವೋರಿ ಹೆಂಗಸಿನ ಜೊತೆ ನೆಲೆಸಿದ. ಇಪ್ಪತ್ತನೇ ಶತಮಾನದಲ್ಲಿ ಪುಕೆಕೊಹೆಯ ತರಕಾರಿ ತೋಟಗಳಲ್ಲಿ ದುಡಿದ ಪಂಜಾಬಿ, ಗುಜರಾತಿ ಗಂಡಸರೂ ಮಾವೋರಿ ಹೆಂಗಸರೂ ಕಟ್ಟಿದ ಮನೆಗಳು ಇವತ್ತೂ ಇವೆ.

ಮನೆತನ ಸಿಕ್ಕಿತು. ಮರಾಯ್‌ಗೆ ಬನ್ನಿ ಅಂತ ಕರೆದಿದ್ದಾರೆ. ಏನು ಒಯ್ಯಬೇಕು?

ಮರಾಯ್ ಅಂದರೆ ಆ ಜನರ ಸಭೆಮನೆ, ಅದರ ಅಂಗಳ. ಸೀದಾ ಒಳಗೆ ಹೋಗಬೇಡಿ. ಬಾಗಿಲ ಹೊರಗೆ ನಿಲ್ಲಿ. ಒಳಗಿನಿಂದ ಒಬ್ಬ ಹೆಂಗಸು ಕೂಗಿ ಕರೆಯುತ್ತಾರೆ, ಆಗ ನಿಧಾನವಾಗಿ ನಡೆಯಿರಿ. ಲಕೋಟೆಯಲ್ಲಿ ಕೈಲಾದ ಕಾಣಿಕೆ ಇರಲಿ, ಅದಕ್ಕೆ ‘ಕೋಹಾ’ ಅನ್ನುತ್ತಾರೆ. ಚಪ್ಪಲಿ ಹೊರಗೆ. ದಿಂಬಿನ ಮೇಲೆ, ಮೇಜಿನ ಮೇಲೆ ಕೂರಬೇಡಿ. ಮಾತೆಲ್ಲಾ ಮುಗಿದ ಮೇಲೆ ಊಟವಿರುತ್ತದೆ, ತಪ್ಪಿಸಿಕೊಂಡು ಹೋಗಬೇಡಿ.

ಮತ್ತೆ, ಬರಿಗೈಯಲ್ಲಿ ಪ್ರಶ್ನೆ ಹಿಡಿದು ಹೋಗಬೇಡಿ. ನಿಮ್ಮ ಮನೆಯಲ್ಲಿರುವ ಫೋಟೋ, ಕಾಗದಗಳ ಒಳ್ಳೆ ನಕಲು ಮಾಡಿಸಿ ಕೊಡಿ. ಬಿಳಿಯ ಶಾಖೆಗಳ ಮನೆಯಲ್ಲಿ ಕ್ಯಾಮೆರಾ ಇತ್ತು, ಆಲ್ಬಂ ಇತ್ತು. ಅಲ್ಲಿರುವವರಿಗೆ ತಮ್ಮ ಅಜ್ಜಿಯರ ಮುಖವೇ ನೋಡಲು ಸಿಕ್ಕಿರುವುದಿಲ್ಲ. ನಾವು ಹೋದಾಗ ಅತ್ತೆ ಆ ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದರು. ಬೇಲಿ ಪಕ್ಕ ನಿಂತ ಇಬ್ಬರು ಹೆಂಗಸರ ಫೋಟೋ ಕೈಯಿಂದ ಕೈಗೆ ಹೋಯಿತು. ಮೂಲೆಯಲ್ಲಿ ಕೂತಿದ್ದ ತೊಂಬತ್ತರ ಹತ್ತಿರದ ಒಬ್ಬ ಮುದುಕರು ಕನ್ನಡಕ ತೆಗೆದು, ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮಗೆ ಯಾರು ಅಂತ ಗೊತ್ತಿಲ್ಲದಿದ್ದ ಆ ಎರಡನೇ ಹೆಂಗಸಿನ ಮೇಲೆ ಬೆರಳಿಟ್ಟು, “ಇವಳು ನನ್ನಜ್ಜಿ, ಅವರಿಬ್ಬರೂ ಅಕ್ಕತಂಗಿ” ಅಂದರು. ಅತ್ತೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು.